ಹೊತ್ತು ಮುಳುಗುವುದರೊಳಗೆ ಬರುವ ಗಾಡಿ

ನೆಟ್ಟಗೆ ಓಡುವ ಹೊಸ ಮೋಟರ್‌ಸೈಕಲ್ಲನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡು, ಅದನ್ನು ಕೆಡಿಸಲಿಕ್ಕೆ ತಿಂಗಳುಗಟ್ಟಲೆ ಹೆಣಗಿದ ಒಬ್ಬರನ್ನು ನಾನು ಬಲ್ಲೆ. ಬಿಚ್ಚಿ ಬಿಸಾಡಿ ಕೆಡಿಸುವುದಲ್ಲ. ತಮಗೆ ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಕೆಡಿಸುವುದು. ಊರವರು ನಕ್ಕರು, ಕೊಲ್ಹಾಪುರದ ಮೆಕ್ಯಾನಿಕ್ ನಕ್ಕ, ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ. ಅವರು ತೀರಿಹೋದದ್ದು ಕಳೆದ ಬೇಸಿಗೆಯಲ್ಲಿ. ಈಗ ನಮ್ಮ ಕಾರ್ಖಾನೆಯ ಕಬ್ಬಿನ ಹಂಗಾಮು ಮತ್ತೆ ಶುರುವಾಗಿದೆ. ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ. ಆ ಕಡೆ ನೋಡಲು ನನಗೆ ಇನ್ನೂ ಆಗುವುದಿಲ್ಲ.

ನಾವಿಬ್ಬರೂ ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾಟಾದ ಗುಮಾಸ್ತರು. ಕಬ್ಬಿನ ಟ್ರ್ಯಾಕ್ಟರು ಹತ್ತಿ ನಿಂತು ತೂಗಿಸಿಕೊಳ್ಳುವ ಜಾಗಕ್ಕೆ ನಮ್ಮಲ್ಲಿ ಕಾಟಾ ಎನ್ನುತ್ತಾರೆ. ಹೊರಗೆ ಕಣ್ಣು ಹಾಯುವವರೆಗೆ ಟ್ರ್ಯಾಕ್ಟರುಗಳ ಸಾಲು, ಒಂದೊಂದರಲ್ಲಿ ಒಂದೊಂದು ಮರಾಠಿ ಹಾಡು. ಒಳಗೆ ಕಿಟಕಿಯ ಹತ್ತಿರ ನಾವು. ಅವರು ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ನಾನು ಅವರಿಗೆ ದಾದಾ ಎನ್ನುತ್ತಿದ್ದೆ, ಅವರು ನನಗೆ ತಮ್ಮಾ ಎನ್ನುತ್ತಿದ್ದರು. ಎತ್ತರದ ಆಳು, ಬಾಗಿಲು ಎಷ್ಟೇ ಎತ್ತರವಿರಲಿ, ತಲೆ ತಗ್ಗಿಸಿಯೇ ಒಳಗೆ ಬರುವ ರೂಢಿ. ಜೈನರು. ಇರುವೆಗಳು ಮುತ್ತುವ ಸಕ್ಕರೆ ಕಾರ್ಖಾನೆಯಲ್ಲಿ ಜೈನ ಗುಮಾಸ್ತರು ಕೂತರೆ ಏನಾಗಬೇಕೋ ಅದೇ ಆಗುತ್ತಿತ್ತು. ಖಾಲಿ ಕಾಟಾದ ಮೇಲೆ ಇರುವೆ ಸಾಲು ಹೊರಟಿದ್ದರೆ ದಾದಾ ಎದ್ದು ಹೋಗಿ, ಟ್ರ್ಯಾಕ್ಟರನ್ನು ತಡೆದು, ಬಗ್ಗಿ ಕರವಸ್ತ್ರದಿಂದ ಮೆಲ್ಲಗೆ ಬೀಸಿ ಸಾಲನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಡ್ರೈವರುಗಳು ಹಾರ್ನ್ ಬಾರಿಸಿ ರಂಪ ಮಾಡಿದರೆ ಒಂದೇ ಮಾತು.

“ಇವುಗಳ ತೂಕಾನೂ ನಿನ್ನ ಕಬ್ಬಿನ್ಯಾಗ ಹಿಡೀಲೇನೋ?”

ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಊಟವಿಲ್ಲ. ನಮ್ಮ ಕಡೆಯ ಜೈನರ ಮನೆಗಳಲ್ಲಿ ಹಿರಿಯರು ಈ ನೇಮವನ್ನು ಜೀವ ಹೋದರೂ ಬಿಡುವುದಿಲ್ಲ. ಕಷ್ಟ ಎಲ್ಲಿ ಬಂತೆಂದರೆ, ಕಬ್ಬು ನುರಿಸುವ ಹಂಗಾಮು ಬರುವುದು ಹಗಲು ಸಣ್ಣದಾಗುವ ಚಳಿಗಾಲದಲ್ಲಿ. ಕೆಲಸ ಹೆಚ್ಚು, ಹೊತ್ತು ಕಡಿಮೆ. ಇಳಿಹೊತ್ತಿಗೆ ಕಾರ್ಖಾನೆಯ ಚಿಮಣಿಯ ನೆರಳು ಕಬ್ಬಿನ ಅಂಗಳ ದಾಟಿ ಕ್ಯಾಂಟೀನಿನ ಗೋಡೆ ಹತ್ತಿತೆಂದರೆ ದಾದಾ ಕುರ್ಚಿಯಲ್ಲಿ ಕೂರಲಾರರು. ಕೊನೆಯ ತಾಸು ಅವರ ಕೆಲಸ ನಾನು ನೋಡಿಕೊಳ್ಳುವುದು, ಮುಂಜಾನೆ ಅವರು ಬೇಗ ಬಂದು ನನ್ನ ಕೆಲಸ ನೋಡಿಕೊಳ್ಳುವುದು ಎಂದು ನಮ್ಮೊಳಗೆ ಒಪ್ಪಂದವಾಗಿತ್ತು.

“ಊಟಕ್ಕ ಇಷ್ಟ ಅವಸರಾ ಮಾಡಾವ್ರನ್ನ ನಾ ಎಲ್ಲೂ ನೋಡಿಲ್ರಿ ದಾದಾ,” ಎಂದು ಒಮ್ಮೆ ಕೆಣಕಿದೆ.

“ನನ್ನ ಹೊಟ್ಟಿಗಲ್ಲ ತಮ್ಮಾ. ನಾ ಹೋಗದಿದ್ರ ಅವ್ವ ತಾಟಿಗೆ ಕೈ ಹಚ್ಚಾಂಗಿಲ್ಲ. ಆಕಿ ಹಚ್ಚದಿದ್ರ ನಿಮ್ಮ ವೈನಿ ಹಚ್ಚಾಂಗಿಲ್ಲ. ಮೂರು ಮಂದಿ ಉಪಾಸ.”

ಅವರ ಮನೆ ಕೃಷ್ಣೆಯ ದಂಡೆಗೆ, ದಿಗ್ಗೇವಾಡಿ ಕಡೆ. ನನ್ನ ಊರು ಅಲ್ಲಿಂದ ಹೊಲ ದಾಟಿದರೆ ಸಿಗುತ್ತದೆ. ದಾದಾ ಶಾಲೆಗೆ ಹೋಗುವ ಹುಡುಗನಿದ್ದಾಗಲೇ ತಂದೆ ತೀರಿಕೊಂಡಿದ್ದರಂತೆ. ಆ ದಿನದಿಂದ ತಾಯಿ ಮಗ ಸಂಜೆಯ ಊಟವನ್ನು ಒಟ್ಟಿಗೇ ಮಾಡಿದವರು. ಮಗನಿಗೆ ನೌಕರಿ ಬಂತು, ಲಗ್ನವಾಯಿತು, ಮಗಳು ಹುಟ್ಟಿ ಬೆಳೆದು ಅಥಣಿಗೆ ಸೊಸೆಯಾಗಿ ಹೋದಳು. ಸಂಜೆಯ ಊಟ ಮಾತ್ರ ಹಾಗೆಯೇ ಉಳಿಯಿತು. ಅವರ ತಾಯಿಯನ್ನು ನಾನು ಆಯಿ ಎನ್ನುತ್ತೇನೆ, ಹೆಂಡತಿಯನ್ನು ವೈನಿ ಎನ್ನುತ್ತೇನೆ. ಆಯಿಗೆ ಮೊದಲು ಕಣ್ಣು ಮಬ್ಬಾಯಿತು, ಆಮೇಲೆ ನೆನಪು ಮಬ್ಬಾಯಿತು. ಕಿವಿಯೊಂದು ಮಾತ್ರ ಚುರುಕಾಗಿ ಉಳಿದಿತ್ತು. ದಾದಾನ ಹಳೆಯ ಗಾಡಿ ಕಾಲುವೆಯ ತಿರುವಿನಲ್ಲಿ ಇರುವಾಗಲೇ, ಒಳಗಿದ್ದ ವೈನಿಗೆ ಕೇಳುವ ಮೊದಲೇ, ಆಯಿ ಹೇಳುತ್ತಿದ್ದಳು: “ಬಂದ ನೋಡು. ತಾಟ ಹಾಕು.”

ಕೇಳದೆ ಏನು? ಆ ಗಾಡಿಗೆ ಒಂದು ರೋಗವಿತ್ತು. ಹಳೆಯ ಕಾರ್ಬೋರೇಟರಿನ ಗಾಡಿ. ನಿಂತಲ್ಲಿ ಡಗ್ ಡಗ್ ಡಗ್ ಎಂದು ಬಡಿದು, ಮುಂದಿನ ಒಂದನ್ನು ನುಂಗಿ, ಮತ್ತೆ ಡಗ್ ಡಗ್ ಡಗ್ ಎನ್ನುತ್ತಿತ್ತು. ಓಡುವಾಗ ತಿರುವಿದ ರೇಸ್ ಬಿಟ್ಟರೆ ಸೈಲೆನ್ಸರಿನಿಂದ ಒಂದು ಪಟಾಕಿ ಹಾರುತ್ತಿತ್ತು. ರಿಪೇರಿ ಮಾಡಿಸಿರಿ ಎಂದರೆ ದಾದಾ ಮಾಡಿಸುತ್ತಿರಲಿಲ್ಲ. “ತಪ್ಪು ತನ್ನ ಜಾಗಾದಾಗ ಇದ್ರ ಅದನ್ನ ಎಬ್ಬಸಬಾರದು,” ಎನ್ನುತ್ತಿದ್ದರು. ಕಾಟಾದ ಮ್ಯಾನೇಜರನ ಬಗ್ಗೆಯೂ ಅವರು ಇದನ್ನೇ ಹೇಳುತ್ತಿದ್ದರು.

ಆಮೇಲೆ ಹೊಳೆ ಬಂತು. ನಮ್ಮ ಕಡೆ ಮಹಾಪೂರಕ್ಕೆ ಹೊಳೆ ಬಂತು ಎಂದಷ್ಟೇ ಹೇಳುತ್ತೇವೆ. ಬರಬಾರದ ನೆಂಟರು ಬಂದ ಹಾಗೆ. ನೀರು ಕಬ್ಬಿನ ಹೊಲ ದಾಟಿ ಊರೊಳಗೆ ಬಂದಾಗ ಆಯಿಯನ್ನು ದೋಣಿಯಲ್ಲಿ ಕೂರಿಸಿ ಸಾಗಿಸಿದರು, ದನಗಳನ್ನು ಸಾಗಿಸಿದರು, ಗಾಡಿ ಕೊಟ್ಟಿಗೆಯಲ್ಲೇ ಉಳಿಯಿತು. ನೀರಿಳಿದ ಮೇಲೆ ನೋಡಿದರೆ ಇಂಜಿನ್ನಿನ ತುಂಬ ಕೆಸರು. ದಾದಾ ಬಿಚ್ಚಿದರು, ತೊಳೆದರು, ಎಣ್ಣೆ ಹಚ್ಚಿದರು, ಅದು ಏಳಲಿಲ್ಲ. ಗಂಜಿ ಕೇಂದ್ರದಲ್ಲಿ ದಿನ ಕಳೆದು ಮನೆಗೆ ಬಂದ ಆಯಿಯೂ ಮೊದಲಿನ ಆಯಿ ಆಗಿರಲಿಲ್ಲ. ತನ್ನ ಮನೆಯೊಳಗೆ ನಿಂತು, ಮನೆಗೆ ಹೋಗೋಣ ಎನ್ನುತ್ತಿದ್ದಳು.

ದಾದಾ ಹೊಸ ಗಾಡಿ ತಂದರು. ಈಗ ಕಾರ್ಬೋರೇಟರಿನ ಹೊಸ ಗಾಡಿ ಸಿಗುವುದಿಲ್ಲ, ಎಲ್ಲವೂ ಇಂಜೆಕ್ಟರಿನವು. ಗುಂಡಿ ಒತ್ತಿದರೆ ಚಾಲೂ, ಸದ್ದೇ ಇಲ್ಲ. ನಾನು ಮೆಚ್ಚಿ ಪೇಡಾ ಕೊಡಿಸಿರೆಂದು ಗಂಟುಬಿದ್ದು ಆ ದಿನ ಅವರ ಮನೆಗೇ ಹೋದೆ. ಹೋಗಬಾರದಿತ್ತು ಅನಿಸುತ್ತದೆ, ಆ ದೃಶ್ಯ ಇವತ್ತಿಗೂ ಕಣ್ಣಿಂದ ಹೋಗಿಲ್ಲ. ಗಾಡಿ ಮೆಲ್ಲಗೆ ಅಂಗಳಕ್ಕೆ ಬಂದು ನಿಂತಿತು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದ ಆಯಿ ತಲೆಯೆತ್ತಿ, ಸೆರಗು ಸರಿಮಾಡಿಕೊಂಡು, ಮಗನಿಗೆ ಹೇಳಿದಳು.

“ಬರ್ರಿ, ಕೂಡ್ರಿ. ನನ್ನ ಮಗಾ ಇನ್ನೂ ಬಂದಿಲ್ರಿ. ಈಗ ಬರೂ ಹೊತ್ತಾತು. ನೀರ ಕುಡೀತೀರೇನು?”

“ಅವ್ವಾ, ನಾನ ಬಂದೇನಿ.”

“ಹೌದ್ರಿ, ಬಂದದ್ದ ಚಲೋ ಆತು. ಅವ ಬರಲಿ, ಕೂಡಿ ಉಣ್ಣೂಣಂತ.”

ದಾದಾ ತಾಯಿಯ ಪಕ್ಕದಲ್ಲಿ ಕೂತರು. ತಾಯಿ ಮಗ ಇಬ್ಬರೂ ಸೇರಿ ಮಗನ ದಾರಿ ನೋಡಿದರು. ಹೊತ್ತು ಮುಳುಗಿತು. ಆಯಿ ಉಣ್ಣಲಿಲ್ಲ. ವೈನಿ ಮೂರು ತಾಟುಗಳನ್ನು ಹಾಗೆಯೇ ಒಳಗೆ ಒಯ್ದರು.

ಒಂದು ದಿನದ ಕಥೆಯಾಗಿದ್ದರೆ ನುಂಗಿಕೊಳ್ಳಬಹುದಿತ್ತು. ದಿನಾ ಅದೇ ಆಯಿತು. ಮುಂಜಾನೆಯ ಊಟ ಹೇಗೋ ಆಗುತ್ತಿತ್ತು. ಸಂಜೆಯದು ವೈನಿ ಏನೇನೋ ಪುಸಲಾಯಿಸಿದರೆ ಒಂದು ದಿನ ನಾಲ್ಕು ತುತ್ತು, ಇನ್ನೊಂದು ದಿನ ಅದೂ ಇಲ್ಲ. ಆಯಿ ಒಣಗತೊಡಗಿದಳು. ಚಿಕ್ಕೋಡಿಯ ಡಾಕ್ಟರು ಶಕ್ತಿಗೆ ಔಷಧಿ ಬರೆದು, ಹೊಟ್ಟೆಗೆ ಹಾಕಿರಿ ಎಂದರು. ಹೊಟ್ಟೆಗೆ ಹಾಕುವುದೇ ಅಲ್ಲವೇ ಕಷ್ಟ. ಮುಖ ತೋರಿಸಿ, ಧ್ವನಿ ಕೇಳಿಸಿ, ಕೈ ಹಿಡಿದು ಹೇಳಿದರೂ ಮಗ ಬಂದನೆಂದು ಆಕೆಗೆ ಹೊಳೆಯುತ್ತಿರಲಿಲ್ಲ. ಆಕೆಯ ಲೆಕ್ಕದಲ್ಲಿ ಮಗ ಬರುವುದು ಕಾಲುವೆಯ ತಿರುವಿನಿಂದ, ಡಗ್ ಡಗ್ ಡಗ್ ಎನ್ನುತ್ತ, ಒಂದನ್ನು ನುಂಗುತ್ತ.

ದಾದಾ ಮೊದಲು ಹಳೆಯ ಸೈಲೆನ್ಸರನ್ನು ಹೊಸ ಗಾಡಿಗೆ ಕಟ್ಟಿ ನೋಡಿದರು. ಡಬ್ಬಿ ಬಡಿದ ಹಾಗೆ ಸದ್ದು ಬಂತು. ಊರಲ್ಲಿ ಯಾರದೋ ಮೊಬೈಲಿನಲ್ಲಿ ಮದುವೆ ದಿಬ್ಬಣದ ವಿಡಿಯೋದಲ್ಲಿ ಹಳೆಯ ಗಾಡಿಯ ಸದ್ದು ಸಿಕ್ಕಿತು. ಅದನ್ನು ಸ್ಪೀಕರಿಗೆ ಹಾಕಿ ಅಂಗಳದಲ್ಲಿ ಬಾರಿಸಿದರು. “ಯಾರೋ ರೇಡಿಯೋ ಹಚ್ಯಾರ, ಬಂದ್ ಮಾಡಸ,” ಎಂದಳು ಆಯಿ. ಅದೇ ಕಂಪನಿಯ ಹಳೆಯ ಗಾಡಿಯನ್ನು ಮುಗಳಖೋಡದಿಂದ ಎರವಲು ತಂದು ಓಡಿಸಿದರು. ಅದು ಗಟ್ಟಿಮುಟ್ಟಾದ ಗಾಡಿ, ಒಂದು ಬಡಿತವನ್ನೂ ನುಂಗುವುದಿಲ್ಲ. ಆಯಿ ಕಿವಿಗೊಟ್ಟು, “ಹಾಲಿನ ಗಾಡಿ ಬಂತು,” ಎಂದು ಒಳಗೆ ಹೋದಳು. ಬೇಕಾಗಿದ್ದದ್ದು ಗಾಡಿಯಲ್ಲ, ಆ ರೋಗ. ರೋಗವನ್ನು ಅಂಗಡಿಯಲ್ಲಿ ಯಾರು ಮಾರುತ್ತಾರೆ?

ಆಗ ದಾದಾ ಮಗಳ ಕಾಲೇಜಿನ ಲ್ಯಾಪ್‌ಟಾಪನ್ನು ಕಪಾಟಿನಿಂದ ಹೊರಗೆ ತೆಗೆದರು.

ಅವರು ಅದನ್ನು ಕಲಿತ ರೀತಿ ನನಗೆ ಬಹಳ ಇಷ್ಟ. ಮಧ್ಯಾಹ್ನ ಟ್ರ್ಯಾಕ್ಟರಿನ ಗದ್ದಲ ಕಡಿಮೆಯಾದಾಗ ಕಾಟಾದ ಕೋಣೆಯಲ್ಲಿ ಹಿಂದಿ ವಿಡಿಯೋ ನೋಡುವರು. ಅರ್ಥವಾಗದ್ದನ್ನು ನನಗೆ ಹೇಳಿ ಅರ್ಥಮಾಡಿಕೊಳ್ಳುವರು. “ಇದರಾಗ ಒಂದ ಸಣ್ಣ ಕಂಪ್ಯೂಟರ್ ಐತಿ ತಮ್ಮಾ. ಗಾಳಿ ಎಷ್ಟ ಬಂತು, ಇಂಜಿನ್ ಎಷ್ಟ ಕಾದತಿ ಅಂತ ನೋಡಿ ಇಂಜೆಕ್ಟರಿಗೆ ಹೇಳತೈತಿ, ಇಷ್ಟ ಎಣ್ಣಿ ಬಿಡು ಅಂತ. ಸೈಲೆನ್ಸರಿನ ಬುಡಕ ಒಂದ ಸೆನ್ಸರ್ ಕೂತೈತಿ. ಅದು ಹೊಗಿ ಮೂಸಿ ನೋಡಿ ಚಾಡಿ ಹೇಳತೈತಿ, ಎಣ್ಣಿ ಹೆಚ್ಚಾತು, ಎಣ್ಣಿ ಕಡಿಮಿ ಆತು ಅಂತ.” ನಮ್ಮ ಆಫೀಸಿನಲ್ಲೂ ಅಂಥ ಸೆನ್ಸರ್ ಒಬ್ಬ ಇದ್ದಾನೆ ಎಂದೆ. ಇಬ್ಬರೂ ಬಹಳ ಹೊತ್ತು ನಕ್ಕೆವು.

ಇಂಜೆಕ್ಟರಿನ ತಂತಿಯ ನಡುವೆ ಜೋಡಿಸಿ, ಎಣ್ಣೆಯನ್ನು, ಅಂದರೆ ಪೆಟ್ರೋಲನ್ನು, ನಾವು ಹೇಳಿದಷ್ಟು ಹೆಚ್ಚು ಕಡಿಮೆ ಮಾಡುವ ಒಂದು ಡಬ್ಬಿ ಸಿಗುತ್ತದೆ. ರೇಸಿನ ಹುಚ್ಚಿರುವ ಹುಡುಗರು ಗಾಡಿಯ ಓಟ ಹೆಚ್ಚಿಸಲು ಅದನ್ನು ಹಾಕಿಸುತ್ತಾರೆ. ಅದನ್ನು ತರಲು ಕೊಲ್ಹಾಪುರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ದಾದಾ ತಮಗೆ ಬೇಕಾದದ್ದನ್ನು ವಿವರಿಸಿದರು. ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, “ಕಾಕಾ, ಲೋಕ ಗಾಡಿ ಸುಧಾರಾಯಲಾ ಯೇತಾತ. ತುಮ್ಹಿ ಬಿಘಡವಾಯಲಾ ಆಲಾತ?” ಎಂದ. ಜನ ಗಾಡಿ ಸುಧಾರಿಸಲು ಬರುತ್ತಾರೆ, ನೀವು ಕೆಡಿಸಲು ಬಂದಿರಾ ಎಂದು. ದಾದಾ ಗಂಭೀರವಾಗಿ ಹೌದೆಂದು ತಲೆಯಾಡಿಸಿದರು. ಕಾರಣ ಮಾತ್ರ ಹೇಳಲಿಲ್ಲ. ತಾಯಿಯ ಮರೆವನ್ನು ಪರರ ಅಂಗಡಿಯಲ್ಲಿ ಬಿಚ್ಚಿ ಹರಡುವ ಮನುಷ್ಯ ಅವರಲ್ಲ.

ರಜೆಯ ದಿನ ಅವರ ಅಂಗಳಕ್ಕೆ ಹೋದರೆ ಗಾಡಿಯ ಪೆಟ್ರೋಲ್ ಟಾಕಿ ಬಿಚ್ಚಿ ಪಕ್ಕಕ್ಕಿಟ್ಟು, ತಂತಿಗಳನ್ನು ಹೊರಗೆಳೆದು, ಲ್ಯಾಪ್‌ಟಾಪನ್ನು ಜೋಳದ ಚೀಲದ ಮೇಲೆ ನಿಲ್ಲಿಸಿಕೊಂಡು ಕೂತಿರುತ್ತಿದ್ದರು. ಪರದೆಯ ಮೇಲೆ ಚೌಕ ಚೌಕವಾಗಿ ಅಂಕಿಗಳು. ಇಂಜಿನ್ ಇಷ್ಟು ವೇಗದಲ್ಲಿದ್ದಾಗ, ರೇಸ್ ಇಷ್ಟು ತಿರುವಿದಾಗ ಇಷ್ಟು ಎಣ್ಣೆ ಎಂದು ಒಂದೊಂದು ಚೌಕಕ್ಕೆ ಒಂದೊಂದು ಲೆಕ್ಕ. ಹೊಲದ ಮಡಿಗಳಿಗೆ ನೀರು ಬಿಟ್ಟ ಹಾಗೆ ಅವರು ಒಂದೊಂದೇ ಚೌಕಕ್ಕೆ ಎಣ್ಣೆ ಹೆಚ್ಚಿಸುತ್ತಿದ್ದರು, ಕಡಿಮೆ ಮಾಡುತ್ತಿದ್ದರು. ನಡುನಡುವೆ ಇಂಜಿನ್ನಿಗೆ ಅಂಗೈ ಅಲ್ಲ, ಕೈಯ ಹಿಂಬದಿ ಮುಟ್ಟಿಸಿ ನೋಡುವರು, ಮಕ್ಕಳ ಜ್ವರ ನೋಡುವ ಹಾಗೆ. ಸೋಸದ ನೀರು ಕುಡಿಯದ ಮನೆ ಅದು. ಗಾಡಿಗೂ ಸೋಸದ ಎಣ್ಣೆ ಇರಲಿಲ್ಲ. ಬಿಳಿ ಅರಿವೆಯನ್ನು ಮಡಿಚಿ ಟಾಕಿಯ ಬಾಯಿಗೆ ಹಿಡಿದು ಪೆಟ್ರೋಲ್ ಸುರಿಯುತ್ತಿದ್ದರು. ಇಂಜೆಕ್ಟರಿನ ತೂತು ಸಣ್ಣದು, ಕಸ ಹೋಗಬಾರದು ಎಂಬುದು ಅವರು ಕೊಡುವ ಕಾರಣ.

“ನೀರ ಸೋಸೂ ಅರಿವೀನೂ ಎಣ್ಣಿ ನಾರಾಕತ್ತೈತಿ ನೋಡ್ರಿ,” ಎಂದು ವೈನಿ ನನ್ನ ಮುಂದೆ ದೂರುತ್ತಿದ್ದರು. “ಗಾಡೀಗೂ ದೀಕ್ಷಾ ಕೊಡ್ತಾರೇನೋ ಇವರು.”

ಗಾಡಿ ಬಗ್ಗಲಿಲ್ಲ. ಇವರು ಸಂಜೆ ಎಣ್ಣೆ ಹೆಚ್ಚಿಸಿ ಬಡಿತ ತಪ್ಪಿಸಿದರೆ, ಮರುದಿನ ಸ್ವಲ್ಪ ದೂರ ಓಡುವಷ್ಟರಲ್ಲಿ ಅದು ನೆಟ್ಟಗಾಗುತ್ತಿತ್ತು. ಆ ಸೆನ್ಸರ್ ಹೊಗೆ ಮೂಸಿ ಚಾಡಿ ಹೇಳುವುದು, ಒಳಗಿನ ಕಂಪ್ಯೂಟರ್ ಎಣ್ಣೆ ಕಡಿತಗೊಳಿಸಿ ಸರಿಮಾಡುವುದು. ದಾದಾ ಮತ್ತೆ ಕೆಡಿಸುವರು, ಅದು ಮತ್ತೆ ಸರಿಮಾಡಿಕೊಳ್ಳುವುದು. ಸೋತು ಸುಣ್ಣವಾಗಿ ಒಂದು ದಿನ ಕಾಟಾದಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು.

“ಭಾಳ ಶಾಣ್ಯಾ ಗಾಡಿ ತಮ್ಮಾ. ಎಲ್ಲಾ ನೆನಪ ಇಟ್ಟಕೊಂತೈತಿ. ಅವ್ವಗ ಇದರಾಗಿಂದು ಒಂದೀಟ ಕೊಡಾಕ ಬರ್ತಿದ್ರ.”

ನಾನು ಆ ದಿನ ನಗಲಿಲ್ಲ.

ಕೊನೆಗೆ ಸೆನ್ಸರಿನ ತಂತಿಯನ್ನೇ ಬಿಡಿಸಿಬಿಟ್ಟರು. ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಹತ್ತಿಯೇ ಉಳಿಯಿತು. ಚಾಡಿ ಹೇಳುವವರಿಲ್ಲದ ಮೇಲೆ ಗಾಡಿ ಇವರ ಮಾತು ಕೇಳತೊಡಗಿತು. ನಿಂತಲ್ಲಿ ಬಡಿತ ನುಂಗುವುದನ್ನು ಮೊದಲು ಸಾಧಿಸಿದರು. ಪಟಾಕಿ ಇನ್ನೂ ಕಷ್ಟ ಕೊಟ್ಟಿತು. ರೇಸ್ ಬಿಟ್ಟ ಕೂಡಲೇ ಈ ಗಾಡಿಗಳು ಎಣ್ಣೆಯನ್ನೇ ನಿಲ್ಲಿಸಿಬಿಡುತ್ತವೆ, ಸುಡಲು ಏನೂ ಇಲ್ಲದಿದ್ದರೆ ಪಟಾಕಿ ಎಲ್ಲಿಂದ ಹಾರಬೇಕು? ಅದನ್ನೂ ಹೇಗೋ ದಾರಿಗೆ ತಂದರು. ಪ್ಲಗ್ ಕಪ್ಪಾಗುತ್ತಿತ್ತು, ಎಣ್ಣೆ ಕುಡಿದು ಕುಡಿದು ಗಾಡಿ ಹೊಗೆ ಉಗುಳುತ್ತಿತ್ತು, ದಾರಿಯಲ್ಲಿ ಹುಡುಗರು ಕಾಕಾನ ಗಾಡಿಗೆ ಕೆಮ್ಮು ಬಂದಿದೆ ಎನ್ನುತ್ತಿದ್ದರು. ಕಿವಿಗೆ ಮಾತ್ರ ಇನ್ನೂ ಏನೋ ಕಡಿಮೆ. ದಾದಾ ಒಂದು ಚೌಕ ಏರಿಸುವರು, ಓಡಿಸುವರು, ಕಣ್ಣು ಮುಚ್ಚಿ ಕೇಳುವರು, ಇಳಿಸುವರು.

ಕಾರ್ಖಾನೆಯ ಹಂಗಾಮು ಮುಗಿದು ನನಗೂ ಬಿಡುವಿದ್ದ ಒಂದು ಸಂಜೆ. ನಾನು ಆಯಿಯ ಜೊತೆ ಕಟ್ಟೆಯ ಮೇಲೆ ಕೂತಿದ್ದೆ. ಕಾಲುವೆಯ ತಿರುವಿನಲ್ಲಿ ಸದ್ದಾಯಿತು. ಬೇವಿನ ಮರದ ಹತ್ತಿರ ಒಂದು ಪಟಾಕಿ ಹಾರಿತು. ಡಗ್ ಡಗ್ ಡಗ್, ಮತ್ತೊಂದು ಇಲ್ಲ. ಆಯಿಯ ಕೈ ಮೊರದ ಮೇಲೆ ನಿಂತಿತು.

“ಬಂದ ನೋಡು. ತಾಟ ಹಾಕು.”

ಒಳಗೆ ಪಾತ್ರೆ ಬಿದ್ದ ಸಪ್ಪಳವಾಯಿತು. ದಾದಾ ಗಾಡಿ ನಿಲ್ಲಿಸಿ, ತಲೆ ತಗ್ಗಿಸಿ ಅಂಗಳ ದಾಟಿ ಬಂದರು. ಆಯಿ ಅವರ ಮುಖವನ್ನು ಎರಡೂ ಕೈಯಿಂದ ಸವರಿದಳು.

“ಎಲ್ಲಿ ಹೋಗಿದ್ಯೋ? ಎಷ್ಟ ದಿನಾ ಆತು ನೀ ಬರಲಾರದ.”

“ಕೆಲಸಿತ್ತವ್ವಾ,” ಎಂದರು ದಾದಾ. “ಮುಗೀತು.”

ಅವರು ಉಣ್ಣುವುದನ್ನು ನಾನು ಪೂರ್ತಿ ನೋಡಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅಲ್ಲಿಂದ ಒಂದು ವರ್ಷ ಆ ಮನೆಯಲ್ಲಿ ಎಲ್ಲರೂ ಹೊತ್ತಿಗೆ ಉಂಡರು. ನಡುವೆ ಒಮ್ಮೆ ಅವರೇ ಒಂದು ಪೆದ್ದು ಕೆಲಸ ಮಾಡಿಕೊಂಡರು. ಪುಕ್ಕಟೆ ಸರ್ವೀಸಿನ ಕೊನೆಯ ಕೂಪನ್ ಉಳಿದಿತ್ತು. ಪುಕ್ಕಟೆ ಸಿಗುವುದನ್ನು ನಮ್ಮ ಕಡೆ ಯಾರು ಬಿಡುತ್ತಾರೆ? ದಾದಾ ಗಾಡಿಯನ್ನು ಶೋರೂಮಿಗೆ ಕೊಟ್ಟು ಕಾಟಾಕ್ಕೆ ಬಂದರು. ಹಳದಿ ದೀಪ ನೋಡಿದ ಶೋರೂಮಿನವರು ತಮ್ಮ ಧರ್ಮಕ್ಕೆ ಸರಿಯಾಗಿ ತಂತಿ ಜೋಡಿಸಿ, ಡಬ್ಬಿ ಕಿತ್ತು ಚೀಲದಲ್ಲಿ ಹಾಕಿ, ಗಾಡಿಯನ್ನು ಹೊಚ್ಚ ಹೊಸದರಂತೆ ಮಾಡಿ ಕೊಟ್ಟರು. ಆ ವಾರ ಆಯಿ ಮತ್ತೆ ಮಗನನ್ನೇ ಕೂರಿಸಿಕೊಂಡು ಮಗನಿಗಾಗಿ ಕಾದಳು. ದಾದಾ ರಜೆ ಹಾಕಿ, ಉಣ್ಣದೆ, ಎಲ್ಲವನ್ನೂ ಹೊಸದಾಗಿ ಹೊಂದಿಸಿದರು. ಆಮೇಲೆ ಯಾರಾದರೂ ಪುಕ್ಕಟೆ ಎಂದರೆ ಬೆಚ್ಚುತ್ತಿದ್ದರು. ನಾವು ಅದನ್ನು ಹೇಳಿ ಹೇಳಿ ಅವರನ್ನು ಸತಾಯಿಸಿದೆವು.

ಹಾಗೆ ಸತಾಯಿಸುತ್ತಿದ್ದಾಗಲೇ ಅವರು ಇಳಿಯುತ್ತಿದ್ದುದು ನಮಗೆ ಕಾಣಲಿಲ್ಲ. ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡು, ಹಂಗಾಮಿನ ದಣಿವು ಎನ್ನುತ್ತಿದ್ದರು. ಹೊಟ್ಟೆನೋವು ತಡೆಯಲಾಗದೆ ಮಿರಜಿಗೆ ಹೋದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಹೊಟ್ಟೆ ಕೊಯ್ದು ನೋಡಿ, ಏನೂ ಮಾಡಲಾಗದು ಎಂದು ಹೊಲಿದರು. ಮಗಳು ಅಳಿಯ ಆಸ್ಪತ್ರೆಯಲ್ಲಿ ನಿಂತರು. ವೈನಿ ಮುಂಜಾನೆ ಹೋಗಿ ಸಂಜೆಯೊಳಗೆ ತಿರುಗಿ ಬರುತ್ತಿದ್ದರು, ಆಯಿಯ ಊಟದ ಸಲುವಾಗಿ.

ನಾನು ನೋಡಲು ಹೋದ ದಿನ ದಾದಾ ತಮ್ಮ ಬೇನೆಯ ಮಾತೇ ಎತ್ತಲಿಲ್ಲ. ಮೂಗಿಗೆ ನಳಿಗೆ ಹಾಕಿದ್ದರು, ಧ್ವನಿ ಎಳೆದು ಎಳೆದು ಬರುತ್ತಿತ್ತು.

“ಗಾಡಿ ನಿನ್ನ ಕಡೆ ಇಟ್ಟಕೋ. ಸಂಜೀಮುಂದ ನೀ ತಗೊಂಡ ಹೋಗು. ಕಾಲುವಿ ತಿರುವಿನ್ಯಾಗ ಮೂರನೇ ಗೇರಿಗೆ ಇಳಸು. ಬೇವಿನ ಗಿಡಾ ದಾಟಿದ ಮ್ಯಾಲೆ ರೇಸ್ ಪೂರಾ ಬಿಡು. ಒಂದ ಪಟಾಕಿ ಹಾರತೈತಿ. ಎರಡ ಹಾರಿದ್ರ ನೀ ಅವಸರಾ ಮಾಡಿದಿ ಅಂತ ತಿಳಕೋ.”

“ನೀವು ಆರಾಮ ಆಗಿ ಬರ್ರಿ ದಾದಾ, ಅಲ್ಲೀತನಕ ನಾ ನೋಡ್ಕೊಂತೇನಿ.”

ಅವರು ನನ್ನ ಕೈ ಹಿಡಿದುಕೊಂಡರು. “ಅಂಗಳದಾಗ ಬಂದ ಮ್ಯಾಲೆ ಲಗೂ ಬಂದ್ ಮಾಡಬ್ಯಾಡ. ಒಂದೀಟ ಬಡೀಲಿ. ಆಕಿ ಕೇಳಿ ಎದ್ದ ನಿಂದ್ರೂತನಕ ಬಡೀಲಿ.”

ಅವರು ಹೇಳಿದ ಹಾಗೆಯೇ ಮಾಡಿದೆ. ಮೊದಲ ಸಂಜೆ ಬೇವಿನ ಮರ ದಾಟಿ ರೇಸ್ ಬಿಟ್ಟೆ, ಒಂದೇ ಪಟಾಕಿ ಹಾರಿತು. ಆಯಿ ಎದ್ದು ನಿಂತಳು. ನಾನು ತಲೆ ತಗ್ಗಿಸಿ ಒಳಗೆ ಬಂದು, ಕೈಕಾಲು ತೊಳೆದು, ಅವಳ ಎದುರಿಗೆ ತಾಟಿನ ಮುಂದೆ ಕೂತೆ. ಮಾತಾಡಿದರೆ ಸಿಕ್ಕಿಬೀಳುತ್ತೇನೆಂದು ಎಲ್ಲಕ್ಕೂ ಹೂಂ ಎಂದೆ. ಆಯಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ವೈನಿ ಬಾಗಿಲಿಗೆ ಒರಗಿ ನಿಂತು, ಆಯಿಯ ಊಟ ಮುಗಿದ ಮೇಲೆ ತಾವೂ ಎರಡು ತುತ್ತು ತಿಂದರು. ಗಾಡಿಯನ್ನು ಅಂಗಳದಲ್ಲೇ ಬಿಟ್ಟು ಹೊಲದ ಹಾದಿಯಿಂದ ನಡೆದು ನನ್ನ ಊರಿಗೆ ಹೋದೆ. ಮುಂಜಾನೆ ಬಂದು ಗಾಡಿ ತೆಗೆದರೆ ಆಯಿ ಒಳಗಿನಿಂದಲೇ, “ಹುಷಾರಿಂದ ಹೋಗಪಾ,” ಎನ್ನುತ್ತಿದ್ದಳು. ಹೀಗೆಯೇ ದಿನಗಳು ನಡೆದವು.

ದಾದಾ ತಿರುಗಿ ಬಂದದ್ದು ಆಸ್ಪತ್ರೆಯ ವ್ಯಾನಿನಲ್ಲಿ. ಅವರನ್ನು ಅಂಗಳದಲ್ಲಿ ಇಳಿಸಿದರು. ಜನ ನೆರೆದರು. ಆಯಿಯನ್ನು ಕರೆತಂದು ಕೂರಿಸಿದರು. ಆಕೆ ಬಿಳಿ ಬಟ್ಟೆಯನ್ನು ಮುಟ್ಟಿದಳು, ಅಳುತ್ತಿದ್ದವರ ಕಡೆ ತಲೆ ತಿರುಗಿಸಿದಳು.

“ಯಾರ ತೀರಿಕೊಂಡ್ರು?”

ಆಯಿ ತಡಕಾಡಿ ವೈನಿಯ ತಲೆಯನ್ನು ಹುಡುಕಿ, ತನ್ನ ಮಡಿಲಿಗೆ ಎಳೆದುಕೊಂಡಳು. “ಅಳಬ್ಯಾಡ ನನ ತಂಗಿ. ಹೆದರಬ್ಯಾಡ. ನನ್ನ ಮಗಾ ಈಗ ಬರ್ತಾನ. ಏನ ಮಾಡೂದೈತಿ ಎಲ್ಲಾ ಅಂವ ನೋಡ್ಕೊಂತಾನ.”

ಹೊಳೆಯ ದಂಡೆಯಲ್ಲಿ ಎಲ್ಲ ಮುಗಿಸಿಕೊಂಡು ಬಂದೆವು. ಬಿಸಿಲು ಇಳಿಯಿತು. ಆಯಿ ಕಟ್ಟೆಗೆ ಬಂದು ರಸ್ತೆಯ ಕಡೆ ಕಿವಿಕೊಟ್ಟು ಕೂತಳು. ವೈನಿ ನನ್ನನ್ನು ನೋಡಿದರು. ನಾನು ಗಾಡಿಯನ್ನು ನೂಕಿಕೊಂಡು ಕಾಲುವೆಯ ತಿರುವಿನ ಆಚೆ ಹೋಗಿ, ಅಲ್ಲಿ ಚಾಲೂ ಮಾಡಿ, ಅಳುತ್ತ ತಿರುಗಿ ಬಂದೆ. ಸಂತಾಪಕ್ಕೆ ಬಂದು ಕೂತ ಜನ ನನಗೆ ಹುಚ್ಚು ಹಿಡಿಯಿತೆಂದು ತಿಳಿದರು. ಹೊತ್ತು ಮುಳುಗುವುದರೊಳಗೆ ಆಯಿ ಉಂಡಳು. ಅವಳ ಮಗ ಸುಟ್ಟುಹೋದ ದಿನ ಅವಳು ರೊಟ್ಟಿ ಉಂಡಳು, ಉಣ್ಣಿಸಿದವನು ನಾನು.

ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ನಾನು ಬಿಡಲಿಲ್ಲ. ಗಾಡಿ ಆಗಾಗ ಮುನಿಯುತ್ತದೆ. ಪ್ಲಗ್ ಬಿಚ್ಚಿ ಮಸಿ ಒರೆಸಿ ಹಾಕುತ್ತೇನೆ, ಎಣ್ಣೆ ಸೋಸಿ ಹಾಕುತ್ತೇನೆ. ಲ್ಯಾಪ್‌ಟಾಪಿನ ಚೌಕಗಳನ್ನು ಮಾತ್ರ ಮುಟ್ಟುವುದಿಲ್ಲ. ಈಗ ಹಂಗಾಮು ಶುರುವಾದ ಮೇಲೆ ಹೊಸ ಗುಮಾಸ್ತನನ್ನು ಕಾಡಿ ಬೇಡಿ ಕೊನೆಯ ತಾಸು ಬಿಡಿಸಿಕೊಂಡು ಬರುತ್ತೇನೆ.

ಮೊನ್ನೆ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿ ತಡವಾಯಿತು. ಅಂಗಳಕ್ಕೆ ಬಂದಾಗ ಬೇವಿನ ತುದಿಯಲ್ಲಿ ಮಾತ್ರ ಬಿಸಿಲಿತ್ತು. ಓಡಿಹೋಗಿ ತಾಟಿನ ಮುಂದೆ ಕೂತೆ. ಆಯಿ ಅವಸರದಿಂದ ನಾಲ್ಕು ತುತ್ತು ತಿಂದು ಕೈ ತೊಳೆದಳು. ಒಳಗೆ ವೈನಿ ತಮ್ಮ ತಾಟು ಹಾಕಿಕೊಂಡ ಸಪ್ಪಳ ಕೇಳುವವರೆಗೆ ಸುಮ್ಮನಿದ್ದಳು. ಆಮೇಲೆ ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡು, ಒಳಗೆ ಕೇಳದ ಹಾಗೆ ಮಾತಾಡಿದಳು.

“ನೀ ಯಾರ ಮಗನೋ ಏನೋ, ಪುಣ್ಯಾ ಕಟ್ಟಕೊಂಡಿ. ಅಂವ ಹೋಗ್ಯಾನಂತ ನನಗ ಗೊತ್ತೈತಪಾ. ಒಂದೊಂದ ದಿನಾ ಮರೀತೈತಿ. ಒಂದೊಂದ ದಿನಾ ನೆನಪಾಗತೈತಿ. ನೆನಪಾದ ದಿನಾನೂ ಉಣ್ತೇನಿ. ನಾ ಉಣ್ಣದಿದ್ರ ಆ ಹುಡಿಗಿ ಉಪಾಸ ಮಲಗತಾಳ.”

ಆಯಿ ನನ್ನ ಕೈ ಬಿಟ್ಟು ಮಬ್ಬು ಕಣ್ಣಿನಿಂದ ಅಂಗಳದ ಕಡೆ ನೋಡಿದಳು.

“ಆಕಿಗೆ ಹೇಳಬ್ಯಾಡ. ನಾಳೆ ಒಂದೀಟ ಲಗೂ ಬಾ. ಹೊತ್ತ ಸಣ್ಣದಾಗೇತಿ.”